ಅಪಾಯಕರ ದ್ರವ್ಯಗಳೂ ಅವುಗಳ ಪರಿಭಾಷೆಯೂ



ನಮ್ಮ ಕಾಲದ ಗೃಹಸ್ಥನ ಮನೆಯನ್ನು ಒಮ್ಮೆ ಸುತ್ತಿ ನೋಡಿದರೆ, ಹಿಂದೆ ಪ್ರಯೋಗಶಾಲೆಗಳಲ್ಲಿ ಮಾತ್ರ ಕಾಣಬರುತ್ತಿದ್ದ ದ್ರವ್ಯಗಳಲ್ಲಿ ಹಲವು ಅಡಿಗೆಮನೆಯ ಗೂಡಿನಲ್ಲಿಯೂ ಬಚ್ಚಲುಮನೆಯ ಮೂಲೆಯಲ್ಲಿಯೂ ನೆಲೆಸಿರುವುದು ಕಂಡುಬರುತ್ತದೆ. ಒಲೆಗೆ ಅನಿಲದ ಸಿಲಿಂಡರು, ಶೌಚಗೃಹಕ್ಕೆ ಆಸಿಡ್, ಬಟ್ಟೆಯ ಕಲೆಗೆ ಬ್ಲೀಚಿಂಗ್ ಪುಡಿ, ಜಿರಲೆಗೆ ಒಂದು ಸೀಸೆ, ಸೊಳ್ಳೆಗೆ ಇನ್ನೊಂದು. ಹೊಲಕ್ಕೆ ಹೋದರೆ ಕೀಟನಾಶಕಗಳು. ಕಾರ್ಖಾನೆಗೆ ಹೋದರೆ ಇವೆಲ್ಲಕ್ಕೂ ತಾಯಿಯಾದ ಮಹಾಭಾಂಡಗಳು. ಇಂಥ ವಸ್ತುಗಳ ಮೈಮೇಲೆ ಕೆಲವು ಎಚ್ಚರಿಕೆಯ ಮಾತುಗಳು ಇರಬೇಕೆಂದು ಸರ್ಕಾರಗಳು ವಿಧಿಸಿವೆ. ಆ ಮಾತುಗಳನ್ನು ಓದದವರು ಹಲವರು. ಓದಿಯೂ ಅರ್ಥವಾಗದವರು ಕೆಲವರು. ಅರ್ಥವಾಯಿತೆಂದು ತಿಳಿದು ಬೇರೊಂದು ಅರ್ಥವನ್ನು ಗ್ರಹಿಸಿಕೊಂಡವರು ಮತ್ತೆ ಕೆಲವರು. ಈ ಮೂರನೆಯ ವರ್ಗದವರ ಸ್ಥಿತಿಯೇ ಎಲ್ಲಕ್ಕಿಂತ ಕಷ್ಟವಾದದ್ದು. ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಇವರನ್ನು ಕುರಿತು.

ಪರಿಭಾಷೆಯೆಂದೊಡನೆ ಅದು ಪಂಡಿತರ ನಡುವಣ ಕಲಹವೆಂದು ಭಾವಿಸುವ ವಾಡಿಕೆ ಉಂಟು. ಜ್ಯೋತಿಶ್ಶಾಸ್ತ್ರದಲ್ಲಿಯೋ ವ್ಯಾಕರಣದಲ್ಲಿಯೋ ಒಂದು ಪದ ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ವಿಷದ ವಿಷಯ ಹಾಗಲ್ಲ. ಇಲ್ಲಿ ಪದವೇ ಮೊದಲನೆಯ ಕವಚ. ಕೈಗೆ ಹಾಕುವ ರಬ್ಬರಿನ ಚೀಲ, ಮೂಗಿಗೆ ಕಟ್ಟುವ ಮುಸುಕು, ಇವೆಲ್ಲ ಎರಡನೆಯವು. ಏಕೆಂದರೆ ಮಾತು ತಿಳಿಯದವನು ಅವನ್ನು ಧರಿಸುವುದೇ ಇಲ್ಲ.

ನಮ್ಮ ಭಾಷೆಯ ಒಂದು ಹಳೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ‘ಮದ್ದು’ ಎಂದರೆ ರೋಗವನ್ನು ವಾಸಿಮಾಡುವ ಔಷಧ. ಬಂದೂಕಿಗೆ ತುಂಬುವುದೂ ಮದ್ದೇ. ಹಗೆಯವನು ಊಟದಲ್ಲಿ ಬೆರೆಸಿಕೊಟ್ಟನೆಂದು ಜನ ಹೇಳುವುದೂ ಮದ್ದೇ. ಕಾಯುವುದು, ಸಿಡಿಯುವುದು, ಕೊಲ್ಲುವುದು, ಈ ಮೂರಕ್ಕೂ ಒಂದೇ ಹೆಸರು. ಹಿಂದಿನವರು ಸಂದರ್ಭದಿಂದ ಅರ್ಥವನ್ನು ತಿಳಿದುಕೊಳ್ಳುತ್ತಿದ್ದರಾದಕಾರಣ ಇದರಿಂದ ತೊಂದರೆ ಹೆಚ್ಚಾಗಿರಲಿಲ್ಲ. ಆದರೆ ಕೀಟನಾಶಕಗಳು ಹಳ್ಳಿಗೆ ಬಂದಾಗ ನಮ್ಮ ರೈತನು ಅವಕ್ಕೆ ಕೊಟ್ಟ ಹೆಸರು ‘ಔಷಧಿ’. ಬೆಳೆಗೆ ರೋಗ ಬಂದಿದೆ, ಔಷಧಿ ಹೊಡೆಯಬೇಕು ಎನ್ನುತ್ತಾನೆ. ಹಿಂದಿ ಮಾತನಾಡುವ ಸೀಮೆಯಲ್ಲಿಯೂ ಅದನ್ನು ‘ದವಾ’ ಎನ್ನುವುದುಂಟು. ಬೆಳೆಯ ದೃಷ್ಟಿಯಿಂದ ಹೆಸರು ಸರಿಯೇ. ಹೊಡೆಯುವವನ ದೃಷ್ಟಿಯಿಂದ ತಪ್ಪು. ಔಷಧವೆಂಬ ಮಾತಿನ ಹಿಂದೆ ವೈದ್ಯನ ಮುಖವೂ ಗುಣವಾಗುವ ನಂಬಿಕೆಯೂ ಇವೆ. ಬರಿಗೈಯಿಂದ ಅದನ್ನು ಕಲಸುವವನಿಗೆ, ಗಾಳಿಗೆ ಎದುರಾಗಿ ನಿಂತು ಸಿಂಪಡಿಸುವವನಿಗೆ, ತೀರಿದ ಡಬ್ಬಿಯನ್ನು ತೊಳೆದು ನೀರಿಗೆ ಇಟ್ಟುಕೊಳ್ಳುವವನಿಗೆ ಆ ಹೆಸರೇ ಧೈರ್ಯವನ್ನು ಕೊಡುತ್ತದೆ. ಕೊಡಬಾರದ ಧೈರ್ಯವದು.

ಇನ್ನು ‘ಅಪಾಯ’ ಎಂಬ ಮಾತು. ನಾವು ಇದನ್ನು ವಿದ್ಯುತ್ಕಂಬದ ಮೇಲೂ ಬರೆಯುತ್ತೇವೆ, ರಸ್ತೆಯ ತಿರುವಿನಲ್ಲೂ ಬರೆಯುತ್ತೇವೆ, ಆಸಿಡ್ಡಿನ ಸೀಸೆಯ ಮೇಲೂ ಬರೆಯುತ್ತೇವೆ. ಆದರೆ ಅಪಾಯಕರ ದ್ರವ್ಯಗಳ ಶಾಸ್ತ್ರದಲ್ಲಿ ಇಲ್ಲಿ ಎರಡು ಭಾವಗಳನ್ನು ಬೇರ್ಪಡಿಸುವುದು ಅವಶ್ಯಕ. ಇಂಗ್ಲಿಷಿನವರು ಒಂದನ್ನು ‘ಹ್ಯಾಜರ್ಡ್’ ಎಂದೂ ಮತ್ತೊಂದನ್ನು ‘ರಿಸ್ಕ್’ ಎಂದೂ ಕರೆಯುತ್ತಾರೆ. ಒಂದು ವಸ್ತುವಿನಲ್ಲಿ ಹುಟ್ಟಿನಿಂದಲೇ ಇರುವ ಕೇಡಿನ ಸ್ವಭಾವ ಮೊದಲನೆಯದು. ಆ ಕೇಡು ನಿಜವಾಗಿ ಒಬ್ಬನಿಗೆ ಉಂಟಾಗುವ ಸಂಭವವೂ ಅದರ ಮಟ್ಟವೂ ಎರಡನೆಯದು.

ಹಿತ್ತಿಲಿನ ಬಾವಿಯನ್ನು ನೆನೆಯೋಣ. ನಲವತ್ತು ಅಡಿ ಆಳದ ನೀರು ಮುಳುಗಿಸಬಲ್ಲದು. ಇದು ಆ ಬಾವಿಯ ಗುಣ. ಸುತ್ತಲೂ ಕಟ್ಟೆಯನ್ನು ಕಟ್ಟಿದರೂ ಮೇಲೆ ಜಾಲರಿಯನ್ನು ಹಾಸಿದರೂ ನೀರಿನ ಆಳವು ಒಂದು ಅಂಗುಲವೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಮಗುವು ಅದರಲ್ಲಿ ಬೀಳುವ ಸಂಭವ. ಆದಕಾರಣ ಮೊದಲನೆಯದನ್ನು ‘ಅಪಾಯಗುಣ’ವೆಂದೂ ಎರಡನೆಯದನ್ನು ‘ಅಪಾಯಸಂಭವ’ವೆಂದೂ ಕರೆದರೆ ಸಾಮಾನ್ಯರಿಗೂ ವಿಷಯ ವಿಶದವಾದೀತೆಂದು ನಮಗೆ ತೋರುತ್ತದೆ. ಗುಣಕ್ಕೂ ಸಂಭವಕ್ಕೂ ನಡುವೆ ಇರುವ ಸೇತುವೆಯೆಂದರೆ ಸೋಂಕು: ಎಂದರೆ ಉಸಿರಿನ ಮೂಲಕ, ಚರ್ಮದ ಮೂಲಕ, ಬಾಯಿಯ ಮೂಲಕ ಆ ದ್ರವ್ಯವು ಮೈಗೆ ತಗಲುವುದು. ಸೋಂಕಿಲ್ಲದೆ ಸಂಭವವಿಲ್ಲ. ಈ ಭೇದವನ್ನು ತಿಳಿಯದವರಲ್ಲಿ ಎರಡು ಬಗೆಯ ದೋಷಗಳು ಕಾಣಬರುತ್ತವೆ. ಒಬ್ಬನು ರಾಸಾಯನಿಕವೆಂಬ ಹೆಸರಿಗೇ ಹೆದರುತ್ತಾನೆ. ಇನ್ನೊಬ್ಬನು, ಇಷ್ಟು ದಿನ ಏನೂ ಆಗಲಿಲ್ಲವಾದ್ದರಿಂದ ಈ ವಸ್ತುವಿನಲ್ಲಿ ದೋಷವಿಲ್ಲವೆಂದು ನಿಶ್ಚಯಿಸುತ್ತಾನೆ. ಕಟ್ಟೆಯು ಗಟ್ಟಿಯಾಗಿದ್ದುದನ್ನು ಅವನು ಬಾವಿಗೆ ಆಳವಿಲ್ಲವೆಂದು ತಿಳಿದಂತಾಯಿತು.

ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾದದ್ದು. ಯೂರೋಪಿನ ವೈದ್ಯನಾದ ಪ್ಯಾರಸೆಲ್ಸಸ್ ಎಂಬಾತನು 1538ರಲ್ಲಿ ಇದೇ ಅಭಿಪ್ರಾಯವನ್ನು ಶಾಸ್ತ್ರದ ಸೂತ್ರವಾಗಿ ಪ್ರತಿಪಾದಿಸಿದನು. ವಸ್ತುವನ್ನು ವಿಷವಾಗಿಸುವುದು ಅದರ ಪ್ರಮಾಣವೆಂಬುದೇ ಅದರ ಸಾರ. ಆ ಪ್ರಮಾಣವನ್ನು ಅಳೆಯುವುದಕ್ಕೆ 1927ರಲ್ಲಿ ಟ್ರೆವನ್ ಎಂಬ ಆಂಗ್ಲ ವಿಜ್ಞಾನಿಯು ಒಂದು ಮಾನವನ್ನು ಸೂಚಿಸಿದನು. ಪ್ರಯೋಗಕ್ಕೆ ಒಳಪಡಿಸಿದ ಪ್ರಾಣಿಗಳಲ್ಲಿ ಅರ್ಧಭಾಗ ಸಾಯುವುದಕ್ಕೆ ದೇಹದ ತೂಕದ ಒಂದು ಕಿಲೋಗ್ರಾಮಿಗೆ ಎಷ್ಟು ಮಿಲಿಗ್ರಾಮ್ ಬೇಕೋ ಅದನ್ನು ‘ಅರ್ಧಮಾರಕ ಪ್ರಮಾಣ’ವೆನ್ನಬಹುದು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸತಕ್ಕದ್ದು. ಅಂಕಿ ದೊಡ್ಡದಾದಷ್ಟೂ ವಿಷ ಕಡಿಮೆ; ಚಿಕ್ಕದಾದಷ್ಟೂ ಹೆಚ್ಚು. ಸಂಬಳದ ಲೆಕ್ಕಕ್ಕೆ ಒಗ್ಗಿದ ಮನಸ್ಸಿಗೆ ಇದು ತಲೆಕೆಳಗಾಗಿಯೇ ಕಾಣುವುದು.

ಈ ಅಂಕಿಯನ್ನು ಓದಲಾರದವರಿಗಾಗಿ ಭಾರತದ 1971ರ ಕೀಟನಾಶಕ ನಿಯಮಗಳು ಬಣ್ಣಗಳನ್ನು ಗೊತ್ತುಮಾಡಿದವು. ನುಂಗಿದಾಗಿನ ಅರ್ಧಮಾರಕ ಪ್ರಮಾಣವು 1ರಿಂದ 50ರವರೆಗಿದ್ದರೆ ಕೆಂಪು, 51ರಿಂದ 500ರವರೆಗೆ ಹಳದಿ, 501ರಿಂದ 5000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಕೆಂಪಿಗೆ ತಲೆಬುರುಡೆಯ ಚಿತ್ರವೂ ವಿಷವೆಂಬ ಮಾತೂ, ಹಳದಿಗೆ ವಿಷವೆಂಬ ಮಾತು ಮಾತ್ರ, ನೀಲಿಗೆ ‘ಡೇಂಜರ್’, ಹಸಿರಿಗೆ ‘ಕಾಷನ್’. ಉದ್ದೇಶವು ಶ್ಲಾಘ್ಯವಾದದ್ದು. ಆದರೆ ಬಣ್ಣವೂ ಒಂದು ಭಾಷೆಯಷ್ಟೆ. ರಸ್ತೆಯಲ್ಲಿ ಹಸಿರೆಂದರೆ ‘ಹೋಗು’. ಹೊಲದಲ್ಲಿ ಹಸಿರೆಂದರೆ ಸಮೃದ್ಧಿ. ಹಸಿರು ಗುರುತಿನ ಡಬ್ಬಿಯು ನಿರ್ದೋಷವಾದದ್ದೆಂದು ಒಬ್ಬನು ಭಾವಿಸಿದರೆ ಅವನನ್ನು ಬೈಯುವುದಕ್ಕೆ ನಮಗೆ ಬಾಯಿಲ್ಲ. ಅದರ ಅರ್ಥ ‘ಉಳಿದವುಗಳಿಗಿಂತ ಕಡಿಮೆ ವಿಷ’ ಎಂದು ಮಾತ್ರ.

ಇದಕ್ಕಿಂತ ಸೋಜಿಗವಾದದ್ದು ಮತ್ತೊಂದುಂಟು. ದೇಶಕ್ಕೊಂದು ಬಗೆಯ ಗುರುತುಗಳಿರುವುದರಿಂದ ಆಗುತ್ತಿದ್ದ ಗೊಂದಲವನ್ನು ನೀಗಿಸಬೇಕೆಂದು 1992ರಲ್ಲಿ ರಿಯೋ ಡಿ ಜನೈರೋ ನಗರದ ಮಹಾಸಮ್ಮೇಳನದಲ್ಲಿ ಸಂಕಲ್ಪವಾಗಿ, ವಿಶ್ವಸಂಸ್ಥೆಯು 2003ರಲ್ಲಿ ಸರ್ವದೇಶಗಳಿಗೂ ಸಮಾನವಾದ ಒಂದು ಪದ್ಧತಿಯನ್ನು ಪ್ರಕಟಿಸಿತು. ಅದರಲ್ಲಿ ಕೆಂಪು ಅಂಚಿನ ವಜ್ರಾಕೃತಿಯೊಳಗೆ ಒಂಬತ್ತು ಚಿತ್ರಗಳು. ಜೊತೆಗೆ ಎರಡು ಸಂಕೇತಪದಗಳು, ‘ಡೇಂಜರ್’ ಮತ್ತು ‘ವಾರ್ನಿಂಗ್’. ಈ ಪದ್ಧತಿಯಲ್ಲಿ ‘ಡೇಂಜರ್’ ಎಂಬುದು ಎಲ್ಲಕ್ಕಿಂತ ಉಗ್ರವಾದ ಎಚ್ಚರಿಕೆ. ನಮ್ಮ ಕೀಟನಾಶಕದ ಡಬ್ಬಿಯ ಮೇಲಾದರೋ ಅದೇ ಪದವು ಮೂರನೆಯ ಮೆಟ್ಟಿಲಿನಲ್ಲಿ ಕುಳಿತಿದೆ. ಒಂದೇ ಪದ, ಒಂದೇ ಗೋದಾಮು, ಎರಡು ಡಬ್ಬಿಗಳು, ಎರಡು ಅರ್ಥಗಳು! ಕನ್ನಡಕ್ಕೆ ತರುವಾಗ ಎರಡನ್ನೂ ‘ಅಪಾಯ’ವೆಂದೇ ತರ್ಜುಮೆ ಮಾಡಿದರೆ ಗೊಂದಲವು ನಮ್ಮ ಮನೆಗೂ ಬಂದು ಸೇರಿದಂತಾಗುವುದು.

ಕಾಲವನ್ನು ಕುರಿತ ಮಾತುಗಳಲ್ಲಿಯೂ ಹೀಗೆಯೇ. ಒಂದೇ ಸಲದ ಅಥವಾ ಅಲ್ಪಕಾಲದ ಸೋಂಕಿನಿಂದ ಆಗುವ ಕೇಡಿಗೆ ಇಂಗ್ಲಿಷಿನಲ್ಲಿ ‘ಅಕ್ಯೂಟ್’ ಎಂದೂ, ಬಹುಕಾಲ ಸ್ವಲ್ಪಸ್ವಲ್ಪವಾಗಿ ಸೋಕಿ ಆಗುವುದಕ್ಕೆ ‘ಕ್ರಾನಿಕ್’ ಎಂದೂ ಹೆಸರು. ಮೊದಲನೆಯದನ್ನು ನಮ್ಮವರು ‘ತೀವ್ರ’ವೆಂದು ಅನುವಾದಿಸಿದ್ದಾರೆ. ತೀವ್ರವೆಂದರೆ ಕೇಳುವವನಿಗೆ ಹೊಳೆಯುವ ಅರ್ಥ ಉಗ್ರವಾದದ್ದೆಂದು. ಕಾಲದ ಭಾವ ಅದರಲ್ಲಿ ಹೊಳೆಯುವುದೇ ಇಲ್ಲ. ಹೀಗಾಗಿ ‘ತೀವ್ರ ವಿಷತ್ವವಿಲ್ಲ’ ಎಂಬ ವರದಿಯನ್ನು ಓದಿದವನು, ಇದು ಅಷ್ಟೇನೂ ವಿಷವಲ್ಲವೆಂದು ಸಮಾಧಾನ ಹೊಂದುತ್ತಾನೆ. ಹತ್ತು ವರ್ಷದ ಮೇಲೆ ಏನಾಗುವುದೆಂಬುದನ್ನು ಆ ವಾಕ್ಯವು ಹೇಳಿಯೇ ಇಲ್ಲ. ‘ತತ್ಕ್ಷಣದ ವಿಷ’, ‘ನಿಧಾನವಿಷ’ ಎಂದರೆ ಈ ಭ್ರಾಂತಿಗೆ ಅವಕಾಶವಿರದು.

ಈ ಭಾವವು ನಮಗೆ ಹೊಸದೂ ಅಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಿಷಚಿಕಿತ್ಸೆಯಾದ ಅಗದತಂತ್ರವೂ ಒಂದು. ದೇಹದಲ್ಲಿ ಅಡಗಿ ನಿಂತು ಕಾಲಾಂತರದಲ್ಲಿ ಕೆರಳುವ ವಿಷಕ್ಕೆ ಆ ಶಾಸ್ತ್ರದವರು ‘ದೂಷೀವಿಷ’ವೆಂದು ಪ್ರತ್ಯೇಕವಾದ ಹೆಸರನ್ನೇ ಇಟ್ಟಿದ್ದರು. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದಷ್ಟು ಹಿಂದೆಯೇ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದನು. ವಿಷವನ್ನು ವಿಂಗಡಿಸಿ ಹೆಸರಿಡುವ ಶಕ್ತಿ ಕನ್ನಡಕ್ಕಿಲ್ಲವೆಂದು ಹೇಳುವವರಿಗೆ ಆ ಗ್ರಂಥದ ಇರವೇ ಸಾಕಾದ ಉತ್ತರ. ಹೀಗಿದ್ದರೂ, ಕನ್ನಡಿಗರೂ ಬಾಳುವ ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಆಕಾಶಮಾರ್ಗದಿಂದ ಎಂಡೋಸಲ್ಫಾನನ್ನು ಸಿಂಪಡಿಸಿದಾಗ, ಮಣ್ಣಿನಲ್ಲಿಯೂ ಜೀವಿಗಳ ಕೊಬ್ಬಿನಲ್ಲಿಯೂ ಬಹುಕಾಲ ನಿಲ್ಲಬಲ್ಲ ದ್ರವ್ಯವಿದು ಎಂಬುದನ್ನು ತೋಟದಂಚಿನ ಜನರಿಗೆ ತಿಳಿಯಹೇಳುವ ಮಾತು ಬಳಕೆಯಲ್ಲಿರಲಿಲ್ಲ. ಬಳಕೆಯಲ್ಲಿದ್ದುದು ‘ಔಷಧಿ’. ಜನರ ಆರೋಗ್ಯಹಾನಿಯ ಮೊರೆಯು ವರ್ಷಗಟ್ಟಲೆ ನಡೆದು, 2011ರಲ್ಲಿ ಭಾರತದ ಸುಪ್ರೀಂ ಕೋರ್ಟು ಅದರ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೂ ಅದನ್ನು ಸೇರಿಸಲಾಯಿತು.

ಹಾಗಾದರೆ ಸಂಸ್ಕೃತದಿಂದ ಪದಗಳನ್ನು ಧಾರಾಳವಾಗಿ ಕಟ್ಟಿಕೊಂಡರೆ ಸಾಲದೇ ಎಂದು ಕೆಲವರು ಕೇಳಬಹುದು. ಪಠ್ಯಪುಸ್ತಕಕ್ಕೆ ಅದು ಸಾಕಾದೀತು. ಡಬ್ಬಿಯ ಮೈಗೆ ಸಾಲದು. ತಾನು ಉರಿಯದಿದ್ದರೂ ಇತರ ವಸ್ತುಗಳ ಉರಿಯನ್ನು ಪ್ರಬಲಗೊಳಿಸುವ ದ್ರವ್ಯಗಳುಂಟು. ಅವಕ್ಕೆ ನಮ್ಮ ಪುಸ್ತಕಗಳಲ್ಲಿ ‘ಉತ್ಕರ್ಷಕ’ವೆಂದು ಹೆಸರು. ಸಾಮಾನ್ಯ ಕನ್ನಡದಲ್ಲಿ ಉತ್ಕರ್ಷವೆಂದರೆ ಏಳಿಗೆ. ಉಗ್ರಾಣದ ಕಾವಲುಗಾರನು ‘ಉತ್ಕರ್ಷಕ’ವೆಂಬ ಚೀಟಿಯನ್ನು ಓದಿದರೆ ಅದನ್ನು ಶುಭಸೂಚನೆಯೆಂದೇ ಬಗೆದಾನು. ಅಮೋನಿಯಂ ನೈಟ್ರೇಟ್ ಈ ಜಾತಿಯ ದ್ರವ್ಯ. ಲೆಬನಾನ್ ದೇಶದ ಬೇರೂತ್ ಬಂದರಿನಲ್ಲಿ ಸುಮಾರು 2750 ಟನ್ನುಗಳಷ್ಟು ಅಮೋನಿಯಂ ನೈಟ್ರೇಟನ್ನು ಹಲವು ವರ್ಷ ಉಗ್ರಾಣದಲ್ಲಿ ಬಿಟ್ಟಿದ್ದರು. 2020ರ ಆಗಸ್ಟ್ 4ರಂದು ಬೆಂಕಿ ತಗಲಿ ಅದು ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು, ನಗರಕ್ಕೆ ಭಾರಿ ಹಾನಿಯಾಯಿತು. ಇಂಥದನ್ನು ‘ಉರಿಪೋಷಕ’ವೆಂದರೆ ಅಕ್ಷರ ಬಲ್ಲ ಯಾರಿಗಾದರೂ ಅದನ್ನು ಬೆಂಕಿಯಿಂದ ದೂರವಿಡಬೇಕೆಂದು ಹೊಳೆಯದೆ ಇರದು.

ಇಂಗ್ಲಿಷಿನವರಿಗೂ ಇಂಥ ಪೇಚು ತಪ್ಪಲಿಲ್ಲ. ‘ಇನ್‌ಫ್ಲೇಮಬಲ್’ ಎಂದರೆ ಬೇಗ ಹೊತ್ತಿಕೊಳ್ಳುವುದು. ಆದರೆ ಆ ಭಾಷೆಯಲ್ಲಿ ‘ಇನ್’ ಎಂಬ ಉಪಸರ್ಗವು ಅನೇಕ ಪದಗಳಲ್ಲಿ ನಿಷೇಧಾರ್ಥವನ್ನು ಕೊಡುವುದರಿಂದ, ಅದು ಹೊತ್ತಿಕೊಳ್ಳದ ವಸ್ತುವೆಂದು ಕೆಲವರು ತಿಳಿಯುವ ಅಂಜಿಕೆಯಿತ್ತು. ಆದಕಾರಣ 1920ರ ದಶಕದಲ್ಲಿ ಅಮೆರಿಕದ ಅಗ್ನಿರಕ್ಷಣಾ ಸಂಘದವರು ‘ಫ್ಲೇಮಬಲ್’ ಎಂಬ ರೂಪವನ್ನೇ ಬಳಸಬೇಕೆಂದು ಒತ್ತಾಯಪಡಿಸಿದರು. ನಾವೂ ಇದರಿಂದ ಪಾಠ ಕಲಿಯಬೇಕು. ‘ದಾಹ್ಯ’ಕ್ಕೂ ‘ಅದಾಹ್ಯ’ಕ್ಕೂ ನಡುವೆ ಒಂದೇ ಅಕ್ಷರ. ‘ಉರಿಯುವ’ ಎಂಬುದಕ್ಕೂ ‘ಉರಿಯದ’ ಎಂಬುದಕ್ಕೂ ನಡುವೆ ಇರುವುದು ಬಣ್ಣ ಮಾಸಿದ ಪೀಪಾಯಿಯ ಮೇಲೆ ಅಳಿಸಿಹೋಗಬಲ್ಲಷ್ಟು ವ್ಯತ್ಯಾಸ. ‘ಬೆಂಕಿ ತಗಲಿದರೆ ಹೊತ್ತುತ್ತದೆ’ ಎಂದು ವಾಕ್ಯವನ್ನೇ ಬರೆದರೆ ಒಂದು ಅಕ್ಷರ ಮಾಸಿದರೂ ಅರ್ಥ ಮಾಸದು.

ಕಠಿನವಾದ ಪದ ಮಾತ್ರವೇ ಮೋಸಗೊಳಿಸುವುದೆಂದು ತಿಳಿಯಕೂಡದು. ಸುಲಭವಾದ ಪದವೂ ಮೋಸಗೊಳಿಸಬಲ್ಲುದು. ಅಮೆರಿಕದ ಬೆಂಜಮಿನ್ ಲೀ ವೋರ್ಫ್ ಎಂಬಾತನು ಭಾಷಾಶಾಸ್ತ್ರದಲ್ಲಿ ಹೆಸರಾದವನು. ಅವನ ಉದ್ಯೋಗವು ಬೆಂಕಿಯ ವಿಮಾ ಕಂಪೆನಿಯೊಂದರಲ್ಲಿ. ಬೆಂಕಿ ಬಿದ್ದುದರ ಕಾರಣಗಳನ್ನು ಪರಿಶೀಲಿಸುತ್ತಿದ್ದಾಗ ಅವನಿಗೆ ಒಂದು ಸಂಗತಿ ಗೋಚರವಾಯಿತು. ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಜನ ಎಚ್ಚರದಿಂದಿರುತ್ತಾರೆ. ‘ಖಾಲಿ’ ಪೀಪಾಯಿಗಳ ಬಳಿ ಸಿಗರೇಟು ಸೇದುತ್ತಾರೆ. ವಾಸ್ತವದಲ್ಲಿ ಪೆಟ್ರೋಲಿನ ಆವಿಯು ಗಾಳಿಯೊಡನೆ ನೂರಕ್ಕೆ ಸುಮಾರು 1.4ರಿಂದ 7.6 ಭಾಗದವರೆಗೆ ಬೆರೆತಾಗ ಸಿಡಿಯಬಲ್ಲದು. ತುಂಬಿದ ಪೀಪಾಯಿಯೊಳಗೆ ಗಾಳಿಗೆ ಎಡೆಯೇ ಕಡಿಮೆ. ಖಾಲಿಯಾದುದರಲ್ಲಿ ಗಾಳಿಯೂ ಉಂಟು, ಆವಿಯೂ ಉಂಟು. ಕೇಡು ಕುಳಿತದ್ದು ‘ಖಾಲಿ’ ಎಂಬ ಪದದೊಳಗೇ. ‘ಜಡಾನಿಲ’ವೂ ಹೀಗೆಯೇ. ಜಡವೆಂದರೆ ಏನೂ ಮಾಡದ್ದು ಎಂದಲ್ಲವೆ? ಆದರೆ ಬಣ್ಣವಿಲ್ಲದ, ವಾಸನೆಯಿಲ್ಲದ ನೈಟ್ರೋಜನ್ ತುಂಬಿದ ತೊಟ್ಟಿಯೊಳಕ್ಕೆ ಇಳಿದವನು ಒಂದೆರಡು ಉಸಿರಿನಲ್ಲಿ ಎಚ್ಚರ ತಪ್ಪಿ ಬೀಳುತ್ತಾನೆ. ಅವನನ್ನೆತ್ತಲು ಇಳಿದವನೂ ಬೀಳುತ್ತಾನೆ. ಅಲ್ಲಿ ಇಲ್ಲದಿರುವುದು ಆಕ್ಸಿಜನ್. ‘ಉಸಿರು ಕಟ್ಟಿಸುವ ಅನಿಲ’ ಎಂದು ತೊಟ್ಟಿಯ ಬಾಯಲ್ಲಿ ಬರೆದಿದ್ದರೆ ಎರಡನೆಯವನಾದರೂ ಉಳಿದಾನು.

ಪದವೂ ಇಲ್ಲದೆ, ಸೂಚನೆಯೂ ಇಲ್ಲದೆ ಒಂದು ಊರು ಹೇಗೆ ನಾಶಕ್ಕೀಡಾಗುವುದೆಂಬುದಕ್ಕೆ ಭೋಪಾಲವೇ ಸಾಕ್ಷಿ. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗಾಗುವುದರೊಳಗೆ ಅಲ್ಲಿನ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ನುಗಳಷ್ಟು ಮಿಥೈಲ್ ಐಸೊಸಯನೇಟ್ ಹೊರಬಿದ್ದಿತು. ಸಹಸ್ರಾರು ಜನ ಸತ್ತರು. ಐದು ಲಕ್ಷಕ್ಕೂ ಮಿಕ್ಕವರು ಅದಕ್ಕೆ ಈಡಾದರು. ಆ ಆವಿಯು ಗಾಳಿಗಿಂತ ಭಾರವಾದದ್ದು. ನೆಲದ ಬಳಿಯೇ ಹರಿಯುವುದು. ನೀರಿನೊಡನೆ ಕೂಡಿ ಬೇರ್ಪಡುವುದು. ಒದ್ದೆಯ ಬಟ್ಟೆಯನ್ನು ಮುಖಕ್ಕೆ ಹಿಡಿದು ಗಾಳಿಗೆ ಅಡ್ಡಲಾಗಿ ನಡೆಯಬೇಕೆಂಬ ಒಂದು ವಾಕ್ಯವು ಸುತ್ತಲಿನ ಗುಡಿಸಲುಗಳಿಗೆ ಮೊದಲೇ ತಿಳಿದಿದ್ದರೆ ಎಷ್ಟೋ ಪ್ರಾಣಗಳು ಉಳಿಯುತ್ತಿದ್ದವು. ಆ ವಸ್ತುವಿನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಈ ದುರಂತದ ತರುವಾಯ, 1987ರ ಕಾರ್ಖಾನೆ ಶಾಸನದ ತಿದ್ದುಪಡಿಯು ಅಪಾಯಗಳ ವಿವರವನ್ನು ಕೆಲಸಗಾರರಿಗೂ ಸುತ್ತಲಿನ ಸಾರ್ವಜನಿಕರಿಗೂ ತಿಳಿಸುವುದನ್ನು ಮಾಲೀಕನ ಕರ್ತವ್ಯವಾಗಿ ವಿಧಿಸಿತು. 1989ರ ಅಪಾಯಕರ ರಾಸಾಯನಿಕಗಳ ನಿಯಮಗಳು ಪ್ರತಿಯೊಂದು ದ್ರವ್ಯಕ್ಕೂ ಒಂದು ಸುರಕ್ಷಾಪತ್ರವಿರಬೇಕೆಂದು ಗೊತ್ತುಮಾಡಿದವು. ತಿಳಿಯುವ ಹಕ್ಕು ಶಾಸನದಲ್ಲಿ ಸೇರಿತು. ಆದರೆ ಅರ್ಥವಾಗದ ಭಾಷೆಯಲ್ಲಿ ತಿಳಿಸಿದರೆ ಆ ಹಕ್ಕು ಸಂದಂತಾಗುವುದೆ? ಇದು ನಾವೆಲ್ಲರೂ ಕೇಳತಕ್ಕ ಪ್ರಶ್ನೆ.

ಈ ವಿಚಾರದಿಂದ ಮೂರು ನಿಯಮಗಳು ಒದಗುತ್ತವೆ. ಮೊದಲನೆಯದು, ಒಂದು ಭಾವಕ್ಕೆ ಒಂದೇ ಪದ, ಒಂದು ಪದಕ್ಕೆ ಒಂದೇ ಭಾವ. ಇಲಾಖೆಗೊಂದು ಕನ್ನಡ ಇರಬಾರದು. ಎರಡನೆಯದು, ಚೀಟಿಯ ಮಾತು ವಸ್ತುವಿನ ಜಾತಿಯನ್ನು ಹೇಳುವುದಕ್ಕಿಂತ ಅದು ಏನು ಮಾಡುವುದೆಂಬುದನ್ನೂ ನಾವು ಏನು ಮಾಡಬೇಕೆಂಬುದನ್ನೂ ಹೇಳಬೇಕು. ಬ್ಲೀಚಿಂಗ್ ಪುಡಿಯ ಮೇಲೆ ‘ಆಮ್ಲಗಳೊಡನೆ ಅಸಂಗತ’ ಎಂದು ಬರೆದರೆ ಫಲವಿಲ್ಲ. ‘ಶೌಚಗೃಹದ ಆಸಿಡ್ಡಿನೊಡನೆ ಬೆರೆಸಬೇಡಿ, ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ’ ಎಂದು ಬರೆದರೆ ಒಂದು ಮನೆ ಉಳಿಯುವುದು. ಮೂರನೆಯದು, ಪದವು ಸರಿಯೇ ಎಂಬುದನ್ನು ನಿರ್ಣಯಿಸುವವರು ಪಂಡಿತರೊಬ್ಬರೇ ಆಗಬಾರದು. ಪೀಪಾಯಿಯನ್ನು ಹೊರುವವನನ್ನೂ ಹೊಲದಲ್ಲಿ ಸಿಂಪಡಿಸುವವನನ್ನೂ ಮನೆಯನ್ನು ತೊಳೆಯುವವಳನ್ನೂ ಕರೆದು, ‘ಇದನ್ನು ಓದಿದರೆ ನೀವು ಏನು ಮಾಡುತ್ತೀರಿ?’ ಎಂದು ಕೇಳಬೇಕು. ಅವರ ಉತ್ತರ ತಪ್ಪಾದರೆ ತಪ್ಪು ಪದದ್ದು, ಅವರದಲ್ಲ.

ಸರ್ಕಾರದವರೂ ವಿದ್ವಾಂಸರೂ ಮಾಡಬೇಕಾದುದು ಬಹಳ ಇದೆ. ಅದಕ್ಕಾಗಿ ಕಾಯದೆ ನಾವು ಮಾಡಬಹುದಾದುದೂ ಒಂದಿದೆ. ನಾಳೆಯಿಂದ ಮನೆಯಲ್ಲಿ ಜಿರಲೆಯ ಸೀಸೆಯನ್ನು ‘ಔಷಧಿ’ ಎನ್ನದೆ ‘ವಿಷ’ವೆಂದೇ ಕರೆಯೋಣ, ಕುಡಿಯುವ ನೀರಿನ ಸೀಸೆಗೆ ಆಸಿಡ್ಡನ್ನು ಎಂದಿಗೂ ಸುರಿಯದಿರೋಣ, ಓದಲಾರದವರು ಕೈಯಲ್ಲಿ ಹಿಡಿದ ಡಬ್ಬಿಯ ಮೇಲಿನ ಬರಹವನ್ನು ಅವರಿಗೆ ಓದಿ ಹೇಳೋಣ. ಇಷ್ಟಕ್ಕೆ ಯಾವ ಶಾಸನವೂ ಬೇಕಾಗಿಲ್ಲ.